ಪುಸ್ತಕದಂಗಡಿಯ ಪತ್ತೇದಾರರು ಮೈಸೂರಿಗೆ ಯಾವಾಗ ಬರುತ್ತಾರೆ?

1905ರ ಸುಮಾರು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ತಾಳೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಗ್ರಂಥ ಲಿಪಿಯಲ್ಲಿದ್ದ ಆ ಕಟ್ಟನ್ನು ಬಿಚ್ಚಿ ಓದಿದ ಆರ್. ಶಾಮಾಶಾಸ್ತ್ರಿಗಳಿಗೆ ಸಿಕ್ಕಿದ್ದು, ಅದುವರೆಗೆ ಬೇರೆ ಗ್ರಂಥಗಳ ಮಾತಿನಲ್ಲಷ್ಟೇ ಸುಳಿದುಹೋಗುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರ. 1909ರಲ್ಲಿ ಅದರ ಸಂಸ್ಕೃತ ಪಾಠ ಅಚ್ಚಾಯಿತು, 1915ರಲ್ಲಿ ಶಾಸ್ತ್ರಿಗಳ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಹೊರಬಂತು, ಭಾರತದ ಇತಿಹಾಸ ಬರೆಯುವವರು ಮತ್ತೆ ಮೊದಲಿನಿಂದ ಯೋಚಿಸಬೇಕಾಯಿತು. ಆದರೆ ಕಟ್ಟು ತಂದುಕೊಟ್ಟವರು ಯಾರು? ಶಾಸ್ತ್ರಿಗಳು ‘ತಂಜಾವೂರು ಜಿಲ್ಲೆಯ ಪಂಡಿತ’ ಎಂದರೇ ಹೊರತು ಹೆಸರು ಹೇಳಲಿಲ್ಲ.

ಸ್ವಾರಸ್ಯ ಇಷ್ಟಕ್ಕೇ ಮುಗಿಯುವುದಿಲ್ಲ. ಆ ಗ್ರಂಥದ ನಾಲ್ಕನೆಯ ಅಧಿಕರಣದ ಏಳನೆಯ ಅಧ್ಯಾಯ ಸಂಶಯಾಸ್ಪದ ಸಾವಿನ ತನಿಖೆಗೆ ಮೀಸಲು. ಹೆಣಕ್ಕೆ ಎಣ್ಣೆ ಸವರಿ ಪರೀಕ್ಷಿಸಬೇಕು. ಮೈ ಊದಿದೆಯೇ, ಕಣ್ಣು ತೆರೆದಿದೆಯೇ, ಕತ್ತಿನಲ್ಲಿ ಗುರುತಿದೆಯೇ ಎಂದು ನೋಡಿ ಉಸಿರು ಕಟ್ಟಿಸಿದ್ದೋ ನೇಣೋ ಎಂದು ತೀರ್ಮಾನಿಸಬೇಕು. ವಿಷದ ಶಂಕೆಯಿದ್ದರೆ ತಿಂದುಳಿದ ಊಟವನ್ನು ಪರೀಕ್ಷೆಗೆ ಒಡ್ಡಬೇಕು. ಬೆಂಕಿಗೆ ಹಾಕಿದಾಗ ಚಿಟಚಿಟ ಸದ್ದು ಮಾಡಿ ಕಾಮನಬಿಲ್ಲಿನ ಬಣ್ಣ ತಿರುಗಿದರೆ ವಿಷವೆಂದೇ ತಿಳಿಯಬೇಕು. ಆಮೇಲೆ ಯಾರನ್ನು ಕರೆದು ಕೇಳಬೇಕು ಎಂಬುದೂ ಅಲ್ಲಿದೆ: ಸತ್ತವನ ಕೈಯಲ್ಲಿ ಪೆಟ್ಟು ತಿಂದ ಆಳು, ಮನಸ್ಸನ್ನು ಬೇರೆಡೆ ಇಟ್ಟ ಹೆಂಗಸು, ಆಸ್ತಿಯ ಮೇಲೆ ಕಣ್ಣಿಟ್ಟ ದಾಯಾದಿ. ವ್ಯಾಪಾರದ ಪೈಪೋಟಿ, ಕೋರ್ಟು ವ್ಯಾಜ್ಯಗಳೂ ಕೊಲೆಯ ಕಾರಣಗಳ ಪಟ್ಟಿಯಲ್ಲಿವೆ. ಅಗಾಥಾ ಕ್ರಿಸ್ಟಿಯ ಯಾವ ಕಾದಂಬರಿಯನ್ನು ತೆಗೆದರೂ ಶಂಕಿತರು ಹೆಚ್ಚುಕಡಿಮೆ ಇವರೇ.

ಪುಸ್ತಕಗಳ ನಡುವೆ ಕೂತು ಪತ್ತೇದಾರಿಕೆ ಮಾಡುವ ಕಥೆಗಳು ಇಂಗ್ಲಿಷಿನಲ್ಲಿ ಈಗ ಒಂದು ದೊಡ್ಡ ಪ್ರಕಾರದ ಭಾಗವಾಗಿ ಬೆಳೆದಿವೆ. ‘ಕೋಜಿ ಮಿಸ್ಟರಿ’ ಎಂದು ಆ ಪ್ರಕಾರದ ಹೆಸರು. ಪುಸ್ತಕದಂಗಡಿಯ ಸುತ್ತ ಹೆಣೆದ ಸರಣಿಗಳೇ ಅದರಲ್ಲಿ ಡಜನುಗಟ್ಟಲೆ ಇವೆ. ಅವುಗಳಿಗೆ ಬೇಕಾದ ಸಕಲ ಸಾಮಗ್ರಿಯೂ ಮೈಸೂರಿನಲ್ಲಿದೆ. ಪತ್ತೇದಾರಿ ಕಾದಂಬರಿಗೆ ಮುಗಿಬಿದ್ದ ಓದುಗರು ಕನ್ನಡದಲ್ಲಿ ಇದ್ದರು. ಆದರೂ ಇಂಥ ಸರಣಿಯೊಂದು ನಮ್ಮಲ್ಲಿ ನೆಲೆಯೂರಲಿಲ್ಲ.

ನೆತ್ತರು ಕಾಣದ ಕೊಲೆ

ಈ ಪ್ರಕಾರದ ಕಟ್ಟುಪಾಡುಗಳು ಸರಳ. ಊರು ಚಿಕ್ಕದಿರಬೇಕು, ಇಲ್ಲವೇ ದೊಡ್ಡ ಊರಿನ ಒಂದು ಬೀದಿಯಾಗಿರಬೇಕು. ಪತ್ತೇದಾರಿಕೆ ಮಾಡುವವರು ಪೊಲೀಸರಾಗಿರಬಾರದು. ಕೊಲೆ ತೆರೆಯ ಹಿಂದೆ ನಡೆದುಹೋಗಿರಬೇಕು. ರಕ್ತ, ಹಿಂಸೆ, ಕೆಟ್ಟ ಬೈಗುಳ ಓದುಗರ ಕಣ್ಣಿಗೆ ಬೀಳಬಾರದು. ಕೊಂದವರು ಹೊರಗಿನವರಲ್ಲ, ನಾಲ್ಕು ಜನರ ನಡುವೆ ಓಡಾಡಿಕೊಂಡಿರುವವರೇ. ಕೊನೆಯಲ್ಲಿ ಗಂಟು ಬಿಡಿಸಿಕೊಂಡು ಊರು ತನ್ನ ಪಾಡಿಗೆ ತಾನು ನಡೆಯಬೇಕು. ಮುಂದಿನ ಪುಸ್ತಕದಲ್ಲಿ ಅದೇ ಜನ, ಅದೇ ಅಂಗಡಿ, ಬೇರೊಂದು ಒಗಟು. ಓದುಗರು ಕೊಲೆಗಾರನಿಗಾಗಿ ಒಂದು ಪುಸ್ತಕ ಕೊಳ್ಳಬಹುದು, ಹತ್ತನೆಯದನ್ನು ಕೊಳ್ಳುವುದು ಆ ಊರಿಗಾಗಿ.

ಕ್ರಿಸ್ಟಿ 1930ರ ಕಾದಂಬರಿಯಲ್ಲಿ ಮಿಸ್ ಮಾರ್ಪಲ್ ಎಂಬ ಮುದುಕಿಯನ್ನು ಹೆಣಿಗೆ ಸಮೇತ ತಂದು ಕೂರಿಸಿದಾಗ ಈ ಅಚ್ಚು ಗಟ್ಟಿಯಾಯಿತು. ಆಕೆಯ ವಿದ್ಯೆಯೆಲ್ಲ ಒಂದು ಹಳ್ಳಿಯಲ್ಲಿ ಆಯುಷ್ಯ ಕಳೆದು ಕಲಿತದ್ದು. ಪುಸ್ತಕದಂಗಡಿಯೊಳಗಿನ ಒಗಟಿಗೆ ಇನ್ನೂ ಹಳೆಯ ಉದಾಹರಣೆಯಿದೆ. ಕ್ರಿಸ್ಟೊಫರ್ ಮಾರ್ಲಿ 1919ರಲ್ಲಿ ಬರೆದ ‘ದಿ ಹಾಂಟೆಡ್ ಬುಕ್‌ಶಾಪ್’ನಲ್ಲಿ ಬ್ರೂಕ್ಲಿನ್‌ನ ಹಳೆಪುಸ್ತಕದಂಗಡಿಯೊಂದರಿಂದ ಕಾರ್ಲೈಲನ ಸಂಪುಟವೊಂದು ಮಾಯವಾಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಮಾಯ. ಎಳೆ ಹಿಡಿದು ಹೋದರೆ ಕೊನೆಗೆ ಸಿಗುವುದು ಜರ್ಮನ್ ಗೂಢಚಾರರು ಮತ್ತು ಬಾಂಬು. ಲಾರೆನ್ಸ್ ಬ್ಲಾಕ್‌ನ ನಾಯಕ ಬರ್ನಿ ನ್ಯೂಯಾರ್ಕಿನಲ್ಲಿ ಹಗಲು ಹಳೆಪುಸ್ತಕ ಮಾರುತ್ತಾನೆ, ರಾತ್ರಿ ಕನ್ನ ಹಾಕುತ್ತಾನೆ.

ಇಂದಿನ ಸರಣಿಗಳ ದಾರಿ ತೆರೆದದ್ದು 1987ರಲ್ಲಿ ಕ್ಯಾರೊಲಿನ್ ಹಾರ್ಟ್ ಬರೆದ ‘ಡೆತ್ ಆನ್ ಡಿಮಾಂಡ್’. ದ್ವೀಪವೊಂದರಲ್ಲಿ ಪತ್ತೇದಾರಿ ಪುಸ್ತಕಗಳನ್ನಷ್ಟೇ ಮಾರುವ ಅಂಗಡಿ, ಅದರ ಒಡತಿಯೇ ನಾಯಕಿ. 2008ರಲ್ಲಿ ಶುರುವಾದ ಲೋರ್ನಾ ಬ್ಯಾರೆಟ್‌ರ ಸರಣಿಯಲ್ಲಿ ಊರಿಗೆ ಊರೇ ಪುಸ್ತಕದಂಗಡಿಗಳಿಂದ ಬದುಕುತ್ತದೆ. ಅಂಗಡಿಯ ಬೆಕ್ಕಿಗೆ ಮಿಸ್ ಮಾರ್ಪಲ್ ಎಂದೇ ಹೆಸರು. 2017ರಿಂದ ವಿಕಿ ಡೆಲನಿ ಬರೆಯುತ್ತಿರುವುದು ಷರ್ಲಾಕ್ ಹೋಮ್ಸ್ ಪುಸ್ತಕಗಳ ಅಂಗಡಿಯ ಕಥೆ.

ನಮಗೆ ಹೆಚ್ಚು ಹತ್ತಿರವಾಗಬೇಕಾದದ್ದು ಜಪಾನಿನದು. ಎನ್ ಮಿಕಾಮಿ 2011ರಲ್ಲಿ ಆರಂಭಿಸಿದ ‘ಬಿಬ್ಲಿಯಾ’ ಸರಣಿ ಕಾಮಾಕುರಾ ಎಂಬ ಹಳೆಯ ರಾಜಧಾನಿಯಲ್ಲಿ ನಡೆಯುತ್ತದೆ. ನಾಯಕಿ ಶಿಯೊರಿಕೊ ಸಂಕೋಚದ ಮುದ್ದೆ. ಹಳೆಯ ಪುಸ್ತಕವೊಂದು ಕೈಗೆ ಬಂದರೆ ಮಾತ್ರ ಮಾತು ನಿಲ್ಲದು. ಮೊದಲ ಒಗಟಿನಲ್ಲಿ ಕೊಲೆಯೇ ಇಲ್ಲ. ತೀರಿಕೊಂಡ ಅಜ್ಜಿ ಬಿಟ್ಟುಹೋದ ನಾತ್ಸುಮೆ ಸೋಸೆಕಿಯ ಸಂಪುಟವೊಂದರಲ್ಲಿ ಹಸ್ತಾಕ್ಷರವಿದೆ. ಅದು ಲೇಖಕನದ್ದೇ? ಅಲ್ಲವಾದರೆ ಯಾರು ಬರೆದದ್ದು, ಏಕೆ ಬರೆದದ್ದು? ಆ ಒಂದು ಸಹಿಯ ಬೆನ್ನು ಹತ್ತಿದರೆ ಒಂದು ಮನೆತನದ ಗುಟ್ಟು ಹೊರಬೀಳುತ್ತದೆ. ಲಕ್ಷಾಂತರ ಪ್ರತಿ ಮಾರಾಟವಾದ ಈ ಸರಣಿಯ ಬೆನ್ನಿಗೆ, ಕಥೆಯಲ್ಲಿ ಬರುವ ಹಳೆಯ ಜಪಾನಿ ಸಾಹಿತ್ಯವನ್ನೂ ಜನ ಹುಡುಕಿಕೊಂಡು ಓದಿದರು.

ಅಂಗಡಿಯೇ ಏಕೆ?

ಬಟ್ಟೆಯಂಗಡಿಗೋ ಚಿನ್ನದಂಗಡಿಗೋ ಹೋಗಿ ಏನೂ ಕೊಳ್ಳದೆ ಎರಡು ತಾಸು ನಿಂತರೆ ಸಿಬ್ಬಂದಿ ಅನುಮಾನದಿಂದ ನೋಡುತ್ತಾರೆ. ಪುಸ್ತಕದಂಗಡಿಯಲ್ಲಿ ನಿಂತರೆ ಯಾರೂ ಹೊರಡಿ ಎನ್ನುವುದಿಲ್ಲ. ಪ್ರೊಫೆಸರರೂ ಬರುತ್ತಾರೆ, ಪರೀಕ್ಷೆಗೆ ಗೈಡು ಹುಡುಕುವ ಹುಡುಗರೂ ಬರುತ್ತಾರೆ, ತೀರಿಹೋದ ಮಾವನ ಪುಸ್ತಕಗಳನ್ನು ಆಟೋದಲ್ಲಿ ಹೇರಿಕೊಂಡು ಮಾರಲು ಬರುವ ಸೊಸೆಯೂ ಬರುತ್ತಾಳೆ. ಕಥೆಗಾರ ಶಂಕಿತರನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅವರೇ ಬಾಗಿಲಿಗೆ ಬರುತ್ತಾರೆ.

ಇನ್ನೊಂದು ಕಾರಣ ಪುಸ್ತಕದ ಮೈಯಲ್ಲೇ ಇದೆ. ಹಳೆಯ ಕನ್ನಡ ಪುಸ್ತಕವೊಂದನ್ನು ತೆರೆಯಿರಿ. ಮುದ್ರಣದ ಸಾಲು, ಎಷ್ಟು ಪ್ರತಿ ಅಚ್ಚಾಯಿತೆಂಬ ಲೆಕ್ಕ, ಮುದ್ರಣಾಲಯದ ಬೀದಿ, ಕ್ರಯ. ರಕ್ಷಾಪುಟ ತಿರುಗಿಸಿದರೆ ‘ಮದುವೆಯ ಉಡುಗೊರೆ’ ಎಂಬ ಬರಹದ ಕೆಳಗೆ ಹೆಸರು, ತಾರೀಖು. ಶಾಲೆಯ ಬಹುಮಾನದ ಚೀಟಿ. ವಾಚನಾಲಯದ ನೇರಳೆ ಮೊಹರು, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಬೆಲೆ. ನಡುವೆ ಎಲ್ಲೋ ಮಡಿಸಿಟ್ಟ ಔಷಧಿ ಚೀಟಿ, ಬಸ್ಸಿನ ಟಿಕೇಟು. ಒಂದು ಪುಸ್ತಕ ಯಾರ ಕೈಯಿಂದ ಯಾರ ಕೈಗೆ, ಯಾವ ವರ್ಷ, ಯಾವ ಸಂಬಂಧದಲ್ಲಿ ದಾಟಿತು ಎಂಬ ಸಾಕ್ಷ್ಯವೆಲ್ಲ ಅದರಲ್ಲೇ ಅಂಟಿಕೊಂಡಿರುತ್ತದೆ. ಇದನ್ನು ಓದಲು ಪ್ರಯೋಗಾಲಯ ಬೇಡ; ಬಹಳ ಕಾಲ ಪುಸ್ತಕ ಮಾರಿದ ಕಣ್ಣು ಸಾಕು.

ಮೂರನೆಯದು ಮಾರುವವರ ನೆನಪು. ಯಾರು ಯಾವ ಪುಸ್ತಕ ಕೇಳಿದರು, ಯಾರು ಸಾಲ ಹೇಳಿ ಹೋದರು, ಎಂದೂ ಕಾನೂನು ಓದದವರು ಏಕಾಏಕಿ ಉತ್ತರಾಧಿಕಾರದ ಪುಸ್ತಕ ಕೇಳಿದ್ದು ಯಾವಾಗ ಎಂಬುದೆಲ್ಲ ಒಳ್ಳೆಯ ಅಂಗಡಿಯವರ ತಲೆಯಲ್ಲಿರುತ್ತದೆ. ಮಿಸ್ ಮಾರ್ಪಲ್ ಹಳ್ಳಿಯ ಜನರಿಂದ ಕಲಿತದ್ದನ್ನು ಇವರು ಗಿರಾಕಿಗಳ ಓದಿನಿಂದ ಕಲಿತಿರುತ್ತಾರೆ.

ಮರಿಮಲ್ಲಪ್ಪ ಶಾಲೆಯಿಂದ ಬಸ್ ನಿಲ್ದಾಣಕ್ಕೆ

ಕನ್ನಡದ ಪತ್ತೇದಾರಿ ಬರಹದ ಆರಂಭ ಹುಡುಕಿದರೆ ಮತ್ತೆ ಮೈಸೂರಿಗೇ ಬರುತ್ತೇವೆ. ‘ತಾತಯ್ಯ’ ಎಂದು ಊರೆಲ್ಲ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯ (1844–1933) ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರು, ಮೈಸೂರು ಪತ್ರಿಕೋದ್ಯಮದ ಪಿತಾಮಹ. ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ಯಂಥ ಪತ್ರಿಕೆಗಳನ್ನು ನಡೆಸಿದ ಈ ಗಂಭೀರ ಹಿರಿಯರ ‘ಚೋರಗ್ರಹಣ ತಂತ್ರ’ವನ್ನು ಕನ್ನಡದ ಮೊಟ್ಟಮೊದಲ ಪತ್ತೇದಾರಿ ಕೃತಿಗಳ ಸಾಲಿನಲ್ಲಿ ಹೆಸರಿಸುತ್ತಾರೆ. ಹೋಮ್ಸ್ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 1887ರಲ್ಲಿ. ಬಂಗಾಳದಲ್ಲಿ ಪ್ರಿಯನಾಥ ಮುಖೋಪಾಧ್ಯಾಯರ ‘ದಾರೋಗಾರ್ ದಫ್ತರ್’ ಶುರುವಾದದ್ದು 1892ರಲ್ಲಿ. ಮೈಸೂರಿನ ಮೇಷ್ಟರೊಬ್ಬರು ಇದೇ ಗಾಳಿಯಲ್ಲಿ ಕಳ್ಳರನ್ನು ಹಿಡಿಯುವ ತಂತ್ರದ ಬಗ್ಗೆ ಬರೆದರೆಂದರೆ ನಾವು ಈ ಪಂಕ್ತಿಯಲ್ಲಿ ತಡವಾಗಿ ಕೂತವರಲ್ಲ.

ಆದರೆ ಪತ್ತೇದಾರಿ ಕನ್ನಡದಲ್ಲಿ ಜನಪ್ರಿಯವಾದದ್ದು ಬೇರೆ ರೂಪದಲ್ಲಿ, ಸ್ವಾತಂತ್ರ್ಯದ ನಂತರ. ನಾಲ್ಕನೇ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯ 1952ರಲ್ಲಿ ‘ಪತ್ತೇದಾರ ಪುರುಷೋತ್ತಮ’ದಿಂದ ಶುರುಮಾಡಿ ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಮನೆಮನೆಯ ಹೆಸರಾದರು. ಕನ್ನಡ ಬಾವುಟಕ್ಕೆ ರೂಪ ಕೊಟ್ಟ ಮ. ರಾಮಮೂರ್ತಿ ಮೈಸೂರಿನ ಪಕ್ಕದ ನಂಜನಗೂಡಿನವರು. ಅವರ ಹೊಟ್ಟೆಪಾಡನ್ನು ನಡೆಸಿದ್ದೂ ಪತ್ತೇದಾರಿ ಕಾದಂಬರಿಗಳೇ. 1967ರಲ್ಲಿ ಬಾವಿ ಕುಸಿದು ಅವರು ತೀರಿಕೊಳ್ಳುವಷ್ಟರಲ್ಲಿ ಇಂಥ ನೂರಾರು ಪುಸ್ತಕಗಳು ಬಸ್ ನಿಲ್ದಾಣದ ಅಂಗಡಿಗಳಲ್ಲಿ ತೂಗಾಡುತ್ತಿದ್ದವು. ಮುಂದೆ ಟಿ.ಕೆ. ರಾಮರಾವ್ ಅಪರಾಧದ ಕಥೆಗೆ ಸಂಸಾರದ ಒಳಗನ್ನು ಬೆರೆಸಿದರು.

ಈ ಪುಸ್ತಕಗಳನ್ನು ಅಗ್ಗದ ಸಾಹಿತ್ಯವೆಂದು ತಳ್ಳಿದವರು ಒಂದು ಸತ್ಯವನ್ನು ಮರೆತರು: ಲಕ್ಷಾಂತರ ಕನ್ನಡಿಗರಿಗೆ ಓದುವ ಚಟ ಹತ್ತಿಸಿದ್ದು ಇವೇ. ದಿನಕ್ಕಿಷ್ಟು ಎಂದು ಬಾಡಿಗೆ ಪಡೆದು ಕಾದಂಬರಿ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳು ಇವುಗಳನ್ನೇ ನಂಬಿ ಬಾಗಿಲು ತೆರೆದಿದ್ದವು. ಆದರೆ ಅವುಗಳ ದೇವರು ವೇಗ. ರಿವಾಲ್ವರು, ಕಾರು, ಮುಸುಕುಧಾರಿ, ಭೂಗತ ಕೋಣೆ. ಊರು ಬರೀ ಹಿನ್ನೆಲೆ. ಬೆಂಗಳೂರೆಂದು ಬರೆದಲ್ಲಿ ಬೊಂಬಾಯಿ ಎಂದು ತಿದ್ದಿದರೂ ಕಥೆ ಕದಲುವುದಿಲ್ಲ. ಪತ್ತೇದಾರ ಮರಳಿ ಮರಳಿ ಬಂದ, ಊರು ಮರಳಿ ಬರಲಿಲ್ಲ. ಟಿ.ವಿ. ಬಂದು ವೇಗವನ್ನು ತಾನೇ ಕೊಡತೊಡಗಿದಾಗ ಈ ಕಾದಂಬರಿಗಳ ಕೈಯಲ್ಲಿ ಬೇರೇನೂ ಉಳಿದಿರಲಿಲ್ಲ.

ಊರನ್ನು ಕಥೆಯ ನಡುವಿಗೆ ತಂದದ್ದು ಇನ್ನೊಂದು ಬಣ. ಮೈಸೂರಿನಲ್ಲಿ ಬೆಳೆದು ಮಲೆನಾಡಿಗೆ ಹೋಗಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ಏಲಕ್ಕಿ ವಿಜ್ಞಾನಿ ಜೋಗಿಹಾಳ್ ಸಾವಿನ ಜಾಡು ಹಿಡಿದು ಅಂಗಾಡಿ ಎಂಬ ಅಧಿಕಾರಿ ಕೆಸರೂರಿಗೆ ಬರುತ್ತಾನೆ. ಕೊಲೆಗಾರನಿಗಿಂತ ಕೆಸರೂರೇ ದೊಡ್ಡ ಒಗಟಾಗುತ್ತದೆ. ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆದರೆ ತೇಜಸ್ವಿ ಊರಿಗೆ ನೆಮ್ಮದಿ ಮರಳಿಸುವವರಲ್ಲ. ಅವರ ಗಂಟು ಬಿಚ್ಚಿಕೊಳ್ಳುವ ಮುಂಚೆಯೇ ಕೆಸರೂರಿಗೆ ಬೆಂಕಿ ಬೀಳುತ್ತದೆ.

ಮಾರ್ಕೆಟ್ ರಸ್ತೆಯ ಮುದ್ರಕ

ಹಾಗಾದರೆ ಮೈಸೂರಿನ ಗಾಳಿಯಲ್ಲಿ ಹುಟ್ಟಿದ ‘ಕೋಜಿ’ ಒಂದೂ ಇಲ್ಲವೇ? ಇದೆ, ಇಂಗ್ಲಿಷಿನಲ್ಲಿ. ಆರ್.ಕೆ. ನಾರಾಯಣ್ 1941ರಲ್ಲಿ ‘ಇಂಡಿಯನ್ ಥಾಟ್’ ಎಂಬ ಪತ್ರಿಕೆ ಹೊರಡಿಸಲು ಹೊರಟಾಗ ಮೈಸೂರಿನ ಸಿಟಿ ಪವರ್ ಪ್ರೆಸ್‌ನ ಚೆಲುವ ಅಯ್ಯಂಗಾರ್ಯರು ಜೊತೆಯಾದರು. ಆ ಮುದ್ರಕರೇ ಮುಂದೆ ‘ಮಿಸ್ಟರ್ ಸಂಪತ್’ ಆಗಿ ಮಾಲ್ಗುಡಿಯ ನಿವಾಸಿಯಾದರು. ಪತ್ರಿಕೆ ಬೇಗ ನಿಂತಿತು, ಮುದ್ರಣಾಲಯದ ಮೋಹ ನಾರಾಯಣರನ್ನು ಬಿಡಲಿಲ್ಲ.

1961ರ ‘ದಿ ಮ್ಯಾನ್-ಈಟರ್ ಆಫ್ ಮಾಲ್ಗುಡಿ’ಯನ್ನು ಪತ್ತೇದಾರಿ ಕಾದಂಬರಿಯೆಂದು ಯಾರೂ ಕರೆಯುವುದಿಲ್ಲ. ಒಮ್ಮೆ ಹಾಗೆ ಓದಿ ನೋಡಿ. ಮಾರ್ಕೆಟ್ ರಸ್ತೆಯಲ್ಲಿ ನಟರಾಜನ ಅಚ್ಚುಕೂಟ. ಮುಂಗೋಣೆಯಲ್ಲಿ ಬಂದವರಿಗೆಲ್ಲ ಕುರ್ಚಿ. ಕೆಲಸವಿದ್ದರೂ ಇಲ್ಲದಿದ್ದರೂ ಒಬ್ಬ ಕವಿ, ಒಬ್ಬ ಪತ್ರಕರ್ತ ಅಲ್ಲೇ ಠಿಕಾಣಿ. ಅಟ್ಟಕ್ಕೆ ಬಂದು ಬಿಡಾರ ಹೂಡುವ ವಾಸು ಪ್ರಾಣಿಗಳ ತೊಗಲಿಗೆ ಹುಲ್ಲು ತುಂಬುವ ಪೈಲ್ವಾನ್, ಊರಿಗೆ ಊರೇ ದ್ವೇಷಿಸುವ ಆಸಾಮಿ. ದೇವಸ್ಥಾನದ ಆನೆಯನ್ನು ಕೊಲ್ಲುತ್ತೇನೆಂದು ಹೊರಟವನು ಉತ್ಸವದ ರಾತ್ರಿಯೇ ಕುರ್ಚಿಯಲ್ಲಿ ಹೆಣವಾಗಿ ಸಿಗುತ್ತಾನೆ. ಕಾರಣ ಎಲ್ಲರಿಗೂ ಇತ್ತು, ಹಾಗಾಗಿ ಎಲ್ಲರ ಮೇಲೂ ಅನುಮಾನ. ಮುಂಗೋಣೆಯ ಕುರ್ಚಿಗಳು ಖಾಲಿಯಾಗುತ್ತವೆ, ಗೆಳೆಯರು ಬೀದಿ ಬದಲಿಸುತ್ತಾರೆ. ಕೊನೆಗೆ ಗುಟ್ಟು ಹೊರಬರುವುದು ಪೊಲೀಸರಿಂದಲ್ಲ, ಅಚ್ಚುಕೂಟದ ಶಾಸ್ತ್ರಿಯ ಬಾಯಿಂದ: ಹಣೆಯ ಮೇಲೆ ಕೂತ ಸೊಳ್ಳೆಗೆ ಹೊಡೆಯಲು ಹೋಗಿ ವಾಸು ತನ್ನದೇ ಏಟಿಗೆ ಸತ್ತಿದ್ದ. ಭಸ್ಮಾಸುರನ ಕಥೆ ಬಲ್ಲ ಯಾವ ಓದುಗರಿಗೂ ಈ ತೀರ್ಪು ಒಪ್ಪಿತ. ಬೀದಿ, ಅಂಗಡಿ, ಹರಟೆ, ನೆತ್ತರಿಲ್ಲದ ಸಾವು, ಮನೆಯವರಂಥ ಶಂಕಿತರು: ಎಲ್ಲ ಇದೆ. ಸರಣಿಯಾಗಿ ಬೆಳೆಯಲಿಲ್ಲ ಅಷ್ಟೆ.

ಇತ್ತೀಚೆಗೆ ಆ ದಾರಿಗೆ ಬಂದವರು ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ. 2022ರ ‘ದಿ ಬೆಂಗಳೂರ್ ಡಿಟೆಕ್ಟಿವ್ಸ್ ಕ್ಲಬ್’ನಲ್ಲಿ ಗಣಿತವೆಂದರೆ ಪ್ರಾಣ ಬಿಡುವ ಕಾವೇರಿ, ಡಾಕ್ಟರ್ ಗಂಡ ರಾಮುವಿನ ಜೊತೆ 1921ರ ಬೆಂಗಳೂರಿನಲ್ಲಿ ಕೊಲೆಯ ಜಾಡು ಹಿಡಿಯುತ್ತಾಳೆ. ಸೆಂಚುರಿ ಕ್ಲಬ್ಬಿನ ತೋಟದಿಂದ ಶುರುವಾದ ಸರಣಿ ಮುಂದುವರಿದಿದೆ, ಲಂಡನ್ನಿನಲ್ಲೂ ಓದುಗರನ್ನು ಗಳಿಸಿದೆ. ಕನ್ನಡ ನೆಲದ ‘ಕೋಜಿ’ ಗೆಲ್ಲಬಲ್ಲದು ಎಂಬುದಕ್ಕೆ ಇನ್ನು ಬೇರೆ ಪುರಾವೆ ಬೇಕಿಲ್ಲ. ಕನ್ನಡದಲ್ಲೇ ಬರೆಯುವುದೊಂದು ಬಾಕಿ.

ಪಂಚರಾಗಿ ಬರಲಿ

ಮೈಸೂರಿನ ಅಂಗಡಿ ಹೇಗಿರಬೇಕು? ಹಳೆಯ ಕನ್ನಡ ಪುಸ್ತಕಗಳ ಶೀರ್ಷಿಕೆಪುಟಗಳೇ ನಕ್ಷೆ ಕೊಡುತ್ತವೆ: ಕೆ.ಆರ್. ವೃತ್ತದ ಗೀತಾ ಬುಕ್ ಹೌಸ್, ಕೃಷ್ಣಮೂರ್ತಿಪುರಂನ ಡಿ.ವಿ.ಕೆ. ಮೂರ್ತಿ, ಕೂಡಲಿ ಚಿದಂಬರಂ ಅವರ ಕಾವ್ಯಾಲಯ, ವಿಶ್ವವಿದ್ಯಾನಿಲಯದ ಪ್ರಸಾರಾಂಗ. ಈ ವಿಳಾಸಗಳ ನಡುವೆ ಅಗ್ರಹಾರವಿದೆ, ಲಕ್ಷ್ಮೀಪುರವಿದೆ, ಮಹಾರಾಜ ಕಾಲೇಜಿದೆ. ಎಲ್ಲವೂ ಕಾಲ್ನಡಿಗೆಯಲ್ಲಿ ಮುಟ್ಟುವಷ್ಟು ಹತ್ತಿರ. ನಿವೃತ್ತ ಮೇಷ್ಟರುಗಳು, ಹಸ್ತಪ್ರತಿ ಓದುವವರು, ಅರಮನೆಯ ನೆನಪಿನಲ್ಲಿ ಬದುಕುವ ಮನೆತನಗಳು, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುತ್ತ ಊರಿನ ಸುದ್ದಿಯನ್ನೆಲ್ಲ ಹಂಚಿಕೊಳ್ಳುವವರು. ದಸರೆ ಬಂದರೆ ಹೊರಗಿನವರೂ ಸೇರುತ್ತಾರೆ. ಒಂದು ಊರಿನಲ್ಲಿ ಪರಿಚಯವೂ ಬೇಕು, ಅಪರಿಚಿತರೂ ಬೇಕು. ಈ ಎರಡೂ ಮೈಸೂರಿನಲ್ಲಿ ಹದವಾಗಿ ಬೆರೆತಿವೆ.

ಅಂಗಡಿಯವರು ಪೊಲೀಸ್ ತನಿಖೆಯೊಳಗೆ ಹೇಗೆ ಬಂದಾರು ಎಂಬ ಪ್ರಶ್ನೆ ಏಳುತ್ತದೆ. ಇಂಗ್ಲಿಷ್ ಸರಣಿಗಳಲ್ಲಿ ನಾಯಕಿಗೆ ಇನ್‌ಸ್ಪೆಕ್ಟರನ ಪ್ರೀತಿ ಕಟ್ಟಿ ಈ ಕಷ್ಟ ಪಾರಾಗುತ್ತಾರೆ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಿಲ್ಲ, ಕಾನೂನೇ ಬಾಗಿಲು ತೆರೆದಿದೆ. ಅಸಹಜ ಸಾವಿನ ಪಂಚನಾಮೆಯನ್ನು ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಸ್ಥರ ಸಮ್ಮುಖದಲ್ಲಿ ಮಾಡಬೇಕೆಂದು ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲೂ ಆ ಮಾತು ಉಳಿದಿದೆ. ಬೀದಿಯಲ್ಲಿ ಏನಾದರೂ ಆದರೆ ಪೊಲೀಸರು ಮೊದಲು ಕರೆಯುವುದು ಅಂಗಡಿಯವರನ್ನೇ. “ಮೇಡಂ, ಐದು ನಿಮಿಷ ಬಂದು ಮಹಜರಿಗೆ ಒಂದು ಸಹಿ ಹಾಕಿಬಿಡಿ” ಎಂದು ಠಾಣೆಯ ಹೆಡ್ ಕಾನ್‌ಸ್ಟೆಬಲ್ ಕೇಳುತ್ತಾನೆ. “ಹಾಕೋಣಪ್ಪ, ಮೊದಲು ಏನು ಬರೆದಿದ್ದೀಯ ಓದಿ ಹೇಳು” ಎನ್ನುವ ನಿವೃತ್ತ ಟೀಚರ್ ಒಬ್ಬರು ಆ ಅಂಗಡಿಯ ಒಡತಿಯಾಗಿದ್ದರೆ ಸರಣಿಯ ಮೊದಲ ಅಧ್ಯಾಯ ಮುಗಿದಂತೆ.

ಒಗಟುಗಳಿಗೂ ಬರವಿಲ್ಲ. ವಿಶ್ವವಿದ್ಯಾನಿಲಯದ ಮೊಹರಿರುವ ಪುಸ್ತಕ ರದ್ದಿಯಲ್ಲಿ ಏಕೆ ಬಂತು? ಮದುವೆಯ ಉಡುಗೊರೆಯೆಂದು ಬರೆದ ಪುಸ್ತಕದಲ್ಲಿ ವರನ ಹೆಸರನ್ನು ಕೆರೆದು ಅಳಿಸಿದವರಾರು? ಒಂದೇ ಹಸ್ತಪ್ರತಿಗೆ ಇಬ್ಬರು ವಾರಸುದಾರರು ಬಂದದ್ದು ಹೇಗೆ? ಇವಕ್ಕೆ ಕೊಲೆಯೇ ಬೇಕೆಂದಿಲ್ಲ ಎಂಬುದನ್ನು ಜಪಾನಿನ ಸರಣಿ ತೋರಿಸಿಕೊಟ್ಟಿದೆ.

ಸಾವು ಹಗುರವಾಗುವುದಿಲ್ಲವೇ?

ಈ ಪ್ರಕಾರದ ಮೇಲಿರುವ ದೊಡ್ಡ ಆಕ್ಷೇಪ ಇದು: ಸಾವನ್ನು ಚಹಾದ ಜೊತೆಗಿನ ಬಿಸ್ಕತ್ತು ಮಾಡುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ನಿಜವಾದ ಅಪರಾಧ ಅಷ್ಟು ಚೊಕ್ಕವಾಗಿ ಮುಗಿಯುವುದಿಲ್ಲ. 2021ರ ಏಪ್ರಿಲ್ 9ರ ನಸುಕಿನಲ್ಲಿ ಮೈಸೂರಿನ ರಾಜೀವನಗರದಲ್ಲಿ, ಕೂಲಿ ಮಾಡಿ ಬದುಕುವವರೊಬ್ಬರು ಕಟ್ಟಿ ಬೆಳೆಸಿದ್ದ ಸಾರ್ವಜನಿಕ ಗ್ರಂಥಾಲಯ ಬೆಂಕಿಗೆ ಬಲಿಯಾಯಿತು. ಸುಮಾರು 11,000 ಪುಸ್ತಕಗಳು ಬೂದಿಯಾದವು. ಪೊಲೀಸರು ಒಬ್ಬನನ್ನು ಬಂಧಿಸಿದರು. ಬಂಧನದಿಂದ ಒಂದು ಹಾಳೆಯೂ ಮರಳಿ ಬರಲಿಲ್ಲ. ಆದರೆ ಆ ದಿನಗಳಲ್ಲಿ ದೇಶ ವಿದೇಶಗಳಿಂದ, ಹೆಸರೂ ಗೊತ್ತಿಲ್ಲದವರಿಂದ ಪುಸ್ತಕ, ಹಣ ಹರಿದುಬಂತು. ಅಪರಾಧಿ ಸಿಕ್ಕಮೇಲೂ ಉಳಿಯುವ ಗಾಯವನ್ನು ನೆರೆಹೊರೆ ವಾಸಿ ಮಾಡಬೇಕು ಎಂಬ ನಂಬಿಕೆಯೇ ‘ಕೋಜಿ’ಯ ಜೀವಾಳ. ಒಳ್ಳೆಯ ಸರಣಿ ಸಾವಿನ ತೂಕವನ್ನು ಬಲ್ಲದು. ಆ ತೂಕವನ್ನು ಹೊರುವ ಬೀದಿಯನ್ನು ಅದು ವಿವರವಾಗಿ ಬರೆಯುತ್ತದೆ.

ವಾರಪತ್ರಿಕೆಗಳು ಧಾರಾವಾಹಿಗೆ ಜಾಗ ಕಡಿಮೆ ಮಾಡಿವೆ. ಪ್ರಕಾಶಕರು ಪತ್ತೇದಾರಿಯನ್ನು ಮುಗಿದ ಅಧ್ಯಾಯವೆಂದು ಬಗೆದಿದ್ದಾರೆ. ಇಬ್ಬರಿಗೂ ಒಂದು ಮಾತು: ಮೈಸೂರಿನ ಒಂದು ಪುಸ್ತಕದಂಗಡಿ, ಹತ್ತು ಜನ ಗಿರಾಕಿ, ವರ್ಷಕ್ಕೊಂದು ಒಗಟು, ಇಷ್ಟಕ್ಕೆ ಐದು ವರ್ಷದ ಜಾಗ ಕೊಟ್ಟು ನೋಡಿ. ಬರೆಯುವವರು ವೇಗದಲ್ಲಿ ಓ.ಟಿ.ಟಿ.ಯ ಜೊತೆ ಸ್ಪರ್ಧೆಗೆ ಇಳಿಯುವುದು ಬೇಡ, ಸೋಲು ಖಚಿತ. ಬೀದಿಯ ಜನರನ್ನು ಬಲ್ಲ ಬರಹಕ್ಕೆ ಆ ಸ್ಪರ್ಧೆಯ ಹಂಗಿಲ್ಲ. ಐನೂರು ಪತ್ತೇದಾರಿ ಕಾದಂಬರಿಗಳನ್ನು ಒಬ್ಬರೇ ಬರೆದು ಮಾರಿದ ಭಾಷೆಯಲ್ಲಿ ಐದು ಬರೆಯುವವರು ಸಿಗದೆ ಹೋಗುವುದಿಲ್ಲ.